ಎಂಟಾಣೆ ಕಾರ್ಡು

ಕೋರಮಂಡಲ್
9 ಜೂನ್ 2025

ಅಮ್ಮಾ,

ನಿನ್ನ ಕಾರ್ಡು ಬಂತು. ನಾನು ಓದುವ ಮೊದಲೇ ನಮ್ಮ ಗಣಿ ಲೈನಿನ ಮನೆಗಳವರೆಲ್ಲ ಓದಿಯಾಗಿತ್ತು. ನಿನಗೆ ಎಷ್ಟು ಸಲ ಹೇಳಲಿ? ಈ ಲೈನಿನ ಕಾಗದಗಳನ್ನೆಲ್ಲ ಅಂಚೆಯವನು ಮೂಲೆಯ ಪಾಪಕ್ಕನ ಟೀ ಅಂಗಡಿಯಲ್ಲಿ ಇಟ್ಟು ಹೋಗುವುದು ವಾಡಿಕೆ. ಪಾಪಕ್ಕನಿಗೆ ತಮಿಳು ಬಿಟ್ಟರೆ ಬೇರೆ ಓದಲು ಬಾರದು. ಯಾರ ಮನೆಯದು ಎಂದು ತಿಳಿಯಲು ಟೀ ಕುಡಿಯುತ್ತ ಕೂತವರ ಕೈಗೆ ಕೊಡುತ್ತಾಳೆ. ಅವರು ವಿಳಾಸ ಓದಿ ಸುಮ್ಮನಾಗುತ್ತಾರೆಯೇ? ನಿನ್ನೆ ಆಟೋದವನೊಬ್ಬ ನನ್ನನ್ನು ನಿಲ್ಲಿಸಿ, "ನಿಮ್ಮಮ್ಮಂಗೆ ಮಂಡಿ ನೋವಂತೆ, ನೀಲಗಿರಿ ಎಣ್ಣೆ ಅಚ್ಚಾಕೆ ಏಳಮ್ಮಾ" ಅಂದ. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಇನ್ನು ಮೇಲೆ ಮಡಚಿ ಅಂಟಿಸುವ ಇನ್‌ಲ್ಯಾಂಡಿನಲ್ಲಿ ಬರಿ, ತಾಯಿ.

ಫೋನು ಮಾಡೋಣವೆಂದರೆ ನಿನ್ನ ಕಿವಿ ಪೂರ್ತಿ ಹೋಯಿತು. "ಯಾರು? ಯಾರು?" ಎಂದು ನೀನು ಕಿರುಚುವುದು, "ನಾನಮ್ಮಾ, ನಾನು" ಎಂದು ನಾನು ಕಿರುಚುವುದು. ಅದಕ್ಕಿಂತ ಕಾಗದವೇ ವಾಸಿ.

ಇಲ್ಲಿ ಎಲ್ಲ ಚೆನ್ನಾಗಿದ್ದೇವೆ. ಇವರಿಗೆ ಫ್ಯಾಕ್ಟರಿಯಲ್ಲಿ ಓವರ್‌ಟೈಮು ಜಾಸ್ತಿ, ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ಕತ್ತಲಾದ ಮೇಲೇ ಬರುವುದು. ನವ್ಯ ಕೋಲಾರದ ಹಾಸ್ಟೆಲಿನಲ್ಲಿ ಚೆನ್ನಾಗಿ ಓದುತ್ತಿದ್ದಾಳೆ. ನರ್ಸಿಂಗ್ ಎರಡನೇ ವರ್ಷದ ಫೀಸು ದೀಪಾವಳಿಯೊಳಗೆ ಕಟ್ಟಬೇಕು. ಕಟ್ಟುತ್ತೇವೆ, ನೀನು ಚಿಂತೆ ಮಾಡಬೇಡ. ಹಾಗೇ, ಯಾರಾದರೂ ಈ ಕಡೆ ಬಂದರೆ ಎರಡು ಸೇರು ಹುರುಳಿ ಕೊಟ್ಟು ಕಳಿಸು. ಇವರಿಗೆ ಹುರುಳಿ ಸಾರೆಂದರೆ ಈಗೀಗ ಇಷ್ಟವಾಗಿದೆ.

ನಿನ್ನ ಶ್ಯಾಮಲ


ಕೋರಮಂಡಲ್
12 ಜೂನ್ 2025

ಅಮ್ಮಾ,

ಮೊನ್ನೆ ಬರೆದದ್ದೆಲ್ಲ ಸುಳ್ಳು. ಇದನ್ನು ಅಂಚೆಗೆ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಇವರಿಗೆ ಕೆಲಸ ಹೋಗಿ ಐದು ವಾರವಾಯಿತು. ಹದಿನಾರು ವರ್ಷ ದುಡಿದ ಫ್ಯಾಕ್ಟರಿ. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ ಬಿದ್ದಿತ್ತಂತೆ. ಮನೆಗೆ ಬಂದವರು ಮೊದಲು ಹೇಳಿದ್ದೇ ನಿನ್ನ ಮಾತು. "ನಿಮ್ಮಮ್ಮಂಗೆ ಈ ಇಸ್ಯ ಗೊತ್ತಾದ್ರೆ ನಾನು ಈ ಮನೇಲಿ ಇರಲ್ಲ ನೋಡು" ಎಂದು ನವ್ಯಳ ಮೇಲೆ ನನ್ನಿಂದ ಆಣೆ ಹಾಕಿಸಿಕೊಂಡರು. ನಾವು ದೊಡ್ಡ ಟಿವಿ ಕಂತಿನಲ್ಲಿ ತಂದಾಗ ನೀನು ನೆಂಟರ ಮುಂದೆ, "ಸಂಬಳದ ದಿನ ನಮ್ಮ ಅಳಿಯ ರಾಜ, ಇಪ್ಪತ್ತನೇ ತಾರೀಕು ನೋಡಿ ಬನ್ನಿ" ಎಂದಿದ್ದೆಯಲ್ಲ, ಅದು ಅವರಿಗೆ ಇನ್ನೂ ಚುಚ್ಚುತ್ತಿದೆ.

ಈಗ ದಿನಾ ಬಂಗಾರಪೇಟೆಗೆ ಹೋಗಿ ಲಾರಿಗೆ ಟೊಮೇಟೊ ಕ್ರೇಟು ಎತ್ತುತ್ತಾರೆ. ಒಂದು ದಿನ ಲೋಡು ಸಿಕ್ಕಿದರೆ ಎರಡು ದಿನ ಇಲ್ಲ. ಮನೆ ನಡೆಯುತ್ತಿರುವುದು ನಿನ್ನ ಪಾಸ್ ಪುಸ್ತಕದಿಂದ. ನನ್ನ ಮದುವೆಯಲ್ಲಿ ನನ್ನ ಹೆಸರಿಗೆಂದು ಒಂದು ಹೆಣ್ಣುಗರು ಕಟ್ಟಿದೆಯಲ್ಲ, ಅದರ ಹಾಲು, ಅದರ ಮಕ್ಕಳ ಹಾಲು, ಇಪ್ಪತ್ತು ವರ್ಷ ಅಷ್ಟಷ್ಟೇ ಪೋಸ್ಟಾಫೀಸಿಗೆ ಹಾಕಿ ಈ ಯುಗಾದಿಗೆ ಪುಸ್ತಕ ನನ್ನ ಕೈಗಿಟ್ಟೆ. "ಗಂಡಂಗೆ ಏಳಬೇಡ, ಖರ್ಚು ಮಾಡಾಕ್ತಾನೆ" ಅಂದೆ. ನಾನು ಹೇಳಲಿಲ್ಲ. ಸೀರೆಗೆ ಕುಚ್ಚು ಕಟ್ಟಿ ಸಂಪಾದಿಸುತ್ತಿದ್ದೇನೆ ಎಂದಿದ್ದೇನೆ. ಕುಚ್ಚಿನ ದುಡ್ಡು ಸೊಪ್ಪಿಗೂ ಸಾಲದು. ಅವರು ಮಾತ್ರ, "ನೀನು ಗಟ್ಟಿಗಿತ್ತಿ ಕಣೇ" ಎಂದು ಉಣ್ಣುತ್ತಾರೆ. ಆಗ ನಾನು ನೀರು ತರುವ ನೆಪದಲ್ಲಿ ಏಳುತ್ತೇನೆ.

ಇಲ್ಲ, ಇದನ್ನು ಹಾಕುವುದಿಲ್ಲ. ಆಣೆ ಮಾಡಿದ್ದೇನೆ. ಪಾಸ್ ಪುಸ್ತಕದ ಜೊತೆಗೆ ಅಕ್ಕಿ ಡಬ್ಬದ ತಳದಲ್ಲಿ ಇದೂ ಇರಲಿ.

ಶ್ಯಾಮಲ


ಕ್ಯಾಸಂಬಳ್ಳಿ
20 ಜೂನ್ 2025

ಶ್ಯಾಮಲಾ,

ಇನ್‌ಲ್ಯಾಂಡು ಎರಡೂವರೆ ರೂಪಾಯಿ. ಅದಕ್ಕೆ ಐದು ಕಾರ್ಡು ಬರ್ತವೆ. ನನ್ನ ಮಂಡಿ ನೋವು ಓದಿ ಯಾರು ಏನು ಕದ್ದುಕೊಂಡು ಹೋಗ್ತಾರೆ? ನಮ್ಮೂರಲ್ಲೂ ಕಾಗದ ಡೈರಿಗೇ ಬರೋದು. ಸೆಕ್ರೆಟರಿ ಆಂಜಿನಪ್ಪ ಓದ್ತಾನೆ, ಹಾಲು ಹಾಕೋಕೆ ನಿಂತವರೆಲ್ಲ ಕೇಳ್ತಾರೆ. ನಾನೇನು ಸತ್ತು ಹೋದೆನಾ?

ಹುರುಳಿ ಆಂಜಿನಪ್ಪನ ಕೈಲಿ ಬಂಗಾರಪೇಟೆವರೆಗೆ ಕಳಿಸಿದ್ದೆ, ನಿಮ್ಮ ಪಾಪಕ್ಕನ ಮಗ ತಗೊಂಡನಂತೆ. ಮೂರು ಸೇರು ಇದೆ, ಅಳೆದು ನೋಡು.

ಅಲ್ಲೇ ಸ್ಟೇಷನ್ ಹತ್ತಿರ ಆಂಜಿನಪ್ಪ ಅಳಿಯಂದಿರನ್ನ ನೋಡಿದನಂತೆ. ಹಾಲಿನ ಚೀಟಿ ಹಿಂದೆ ಬರೆದು ತೋರಿಸಿದ. ಮಟಮಟ ಮಧ್ಯಾಹ್ನ, ಕಲ್ಲು ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರಂತೆ, ಕರೆದರೂ ಏಳಲಿಲ್ಲವಂತೆ. ಓವರ್‌ಟೈಮನ್ನ ಬೆಂಚಿನ ಮೇಲೆ ಮಾಡ್ತಾರಾ? ಜಾಗ ಮುಗೀತು.

ಅಮ್ಮ


ಕೋರಮಂಡಲ್
8 ಜುಲೈ 2025

ಅಮ್ಮಾ,

ಹುರುಳಿ ಮುಟ್ಟಿತು. ಅಳೆಯಲಿಲ್ಲ, ನಿನ್ನ ಸೇರಿನ ಮೇಲೆ ನಂಬಿಕೆಯಿದೆ.

ಇವರಿಗೆ ಅವತ್ತು ಶಿಫ್ಟು ಬದಲಾಗಿತ್ತು. ಬಂಗಾರಪೇಟೆಯಲ್ಲಿ ರೈಲು ತಪ್ಪಿ ಕೂತಲ್ಲೇ ನಿದ್ದೆ ಹೋಗಿರಬೇಕು. ಆಂಜಿನಪ್ಪಣ್ಣನಿಗೆ ಬೇರೆ ಕೆಲಸವಿಲ್ಲವೇ? ಟಿವಿ ರಿಪೇರಿಗೆ ಹೋಗಿದೆ, ಹಾಗಾಗಿ ಮನೆ ನಿಶ್ಶಬ್ದ. ಇವರು ಬಂದು ಕೈಕಾಲು ತೊಳೆದು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಾರೆ. ವಯಸ್ಸಾಗುತ್ತಿದೆಯೋ ಏನೋ, ಮಾತು ಕಮ್ಮಿಯಾಗಿದೆ.

ಅಮ್ಮಾ, ಸುಮ್ಮನೆ ಕೇಳುತ್ತೇನೆ. ಗಣಿ ಮುಚ್ಚಿ ಅಪ್ಪನ ಕೆಲಸ ಹೋದ ವರ್ಷ ನೀನು ಮನೆ ಹೇಗೆ ನಡೆಸಿದೆ? ನನಗಾಗ ಹದಿನಾಲ್ಕು. ನೀನು ಎಸರಿಗೆ ರಾಗಿಹಿಟ್ಟು ಹಾಕುವ ಮೊದಲು ಒಂದು ಹಿಡಿ ವಾಪಸ್ ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದೆ. ನಾನು ನಿನ್ನನ್ನು ಪಿಸಣಾರಿ, ಜಿಪುಣಿ ಎಂದು ಅಣಕಿಸುತ್ತಿದ್ದೆ. ಆದರೆ ಹಸಿದು ಮಲಗಿದ ನೆನಪು ಒಂದು ದಿನದ್ದೂ ಇಲ್ಲ. ಪಾಪ, ಅಪ್ಪನ ಆಸ್ಪತ್ರೆಗೆ ಮಾತ್ರ ನೀನಾದರೂ ಎಲ್ಲಿಂದ ತರುತ್ತಿದ್ದೆ? ಆ ಧೂಳಿನ ಕೆಮ್ಮು ಬಡವರ ಕೈಗೆ ನಿಲ್ಲುವಂಥದ್ದಲ್ಲ.

ಸೌದೆ ಒಲೆ ಹಿತ್ತಲಲ್ಲಿ ಹಾಕಿದ್ದೇನೆ. ಗ್ಯಾಸು ಬರೀ ಕಾಫಿಗೆ. ಇನ್ನೇನು ಉಳಿಸಬಹುದು ಹೇಳು. ಹಸುವಿನ ಪುಸ್ತಕ ಭದ್ರವಾಗಿದೆ, ಅದರ ಸುದ್ದಿ ಎಲ್ಲೂ ಎತ್ತಬೇಡ. ಇದಕ್ಕೆ ಕಾರ್ಡಿನಲ್ಲಿ ಉತ್ತರ ಬರೆಯಬೇಡ, ನಿನ್ನ ಕಾಲಿಗೆ ಬೀಳುತ್ತೇನೆ.

ಶ್ಯಾಮಲ


ಕ್ಯಾಸಂಬಳ್ಳಿ
19 ಜುಲೈ 2025

ಶ್ಯಾಮಲಾ,

ಇನ್‌ಲ್ಯಾಂಡು ತಗೊಳ್ಳೋಣ ಅಂತಲೇ ಹೋಗಿದ್ದೆ. ದುಡ್ಡು ತೆಗೆಯೋಕೆ ಕೈ ಬರಲಿಲ್ಲ. ಸಣ್ಣಕ್ಷರದಲ್ಲಿ ಬರೆದಿದೀನಿ, ಯಾರಿಗೂ ಕಾಣಲ್ಲ.

ಎಣ್ಣೆ ಸುರೀಬೇಡ, ಹತ್ತಿ ಬಟ್ಟೆ ಅದ್ದಿ ಕಾವಲಿಗೆ ಸವರು. ಅನ್ನೆ ಸೊಪ್ಪು ಹೊಲದ ಬದೀಲಿ ಬಿಟ್ಟಿ ಸಿಗುತ್ತೆ. ಬಸಿದ ಕಟ್ಟು ಚೆಲ್ಲಬೇಡ, ಅದೇ ಸಾಯಂಕಾಲದ ಸಾರು. ಹಿಡಿ ತೆಗೆಯೋದು ನಿಲ್ಲಿಸಬೇಡ, ಹೊಟ್ಟೆ ಚುರುಗುಟ್ಟಿದರೂ ತೆಗಿ.

ಇನ್ನು ಕೇಳು. ನಾನು ಕಿವುಡಿ, ಕುರುಡಿ ಅಲ್ಲ. ಹಗಲಲ್ಲಿ ಬೆಂಚಿನ ಮೇಲೆ ಬೀಳೋದು, ಟಿವಿ ರಿಪೇರಿಗೆ ಹೋಗೋದು, ಗೋಡೆ ಕಡೆ ಮಲಗೋದು, ಇದೆಲ್ಲ ಕುಡಿಯೋನ ಲಕ್ಷಣ. ನೀನು ಮುಚ್ಚಿಟ್ಟರೆ ನನಗೆ ತಿಳಿಯಲ್ವಾ? ಹಸುವಿನ ದುಡ್ಡಿನ ಪಾಸ್ ಪುಸ್ತಕ ನನ್ನ ಥರ ಅಕ್ಕಿ ಡಬ್ಬದಲ್ಲಿ ಇಡಬೇಡ, ಕುಡುಕನ ಕೈ ಮೊದಲು ಹೋಗೋದೇ ಅಲ್ಲಿಗೆ. ಇಪ್ಪತ್ತು ವರ್ಷದ ಹಾಲು ಅದು. ಅವನ ಕಣ್ಣಿಗೆ ಬಿದ್ದರೆ ನವ್ಯಳ ಫೀಸು ಬಾಟ್ಲಿಗೆ ಹೋಗುತ್ತೆ. ಜಾಗ ಮುಗೀತು.

ಅಮ್ಮ


ಕೋರಮಂಡಲ್
28 ಜುಲೈ 2025

ಅಮ್ಮಾ,

ಸಣ್ಣಕ್ಷರದಲ್ಲಿ ಬರೆದೆಯಲ್ಲ, ಆಟೋದವನ ಕಣ್ಣು ಚೆನ್ನಾಗಿದೆ. ಒಂದಕ್ಷರ ಬಿಡದೆ ಓದಿದನಂತೆ.

ಗುರುವಾರ ಇವರಿಗೆ ಲೋಡು ಸಿಕ್ಕಿರಲಿಲ್ಲ. ಪಾಪಕ್ಕನ ಅಂಗಡಿಯಲ್ಲಿ ಟೀ ಕುಡಿಯುತ್ತ ಕೂತಿದ್ದರು. ಇವರ ಬೆನ್ನ ಹಿಂದೆಯೇ ಕೂತು ಅವನು ಓದಿದ. ಯಾರ ಮನೆಯ ಕಾಗದ ಎಂದು ಗೊತ್ತಾಗುವಷ್ಟರಲ್ಲಿ ಕುಡುಕ, ಬಾಟ್ಲಿ ಎಲ್ಲ ಬಂದಾಗಿತ್ತು. ಪಾಪಕ್ಕ, "ಪೋದುಂಪಾ, ನಿಲ್ಲಿಸಪ್ಪಾ" ಎಂದು ಕೈಮುಗಿದಳಂತೆ. ಇವರು ಎದ್ದು, ಟೀ ದುಡ್ಡು ಕೊಟ್ಟು, ಕಾರ್ಡು ಇಸಿದುಕೊಂಡು ಮನೆಗೆ ಬಂದರು. ಅಕ್ಕಿ ಡಬ್ಬವನ್ನು ನೆಲಕ್ಕೆ ಸುರಿದರು. ಪುಸ್ತಕ ಸಿಕ್ಕಿತು. ನಾನು ನಿನಗೆ ಬರೆದು ಕಳಿಸದೆ ಇಟ್ಟುಕೊಂಡಿದ್ದ ಕಾಗದವೂ ಸಿಕ್ಕಿತು. ಎರಡನ್ನೂ ಓದಿದರು.

"ಕ್ರೇಟ್ ಎತ್ತಿ ಎತ್ತಿ ನನ್ನ ಬೆನ್ನು ಓಯ್ತು. ನೀನು ಕುಚ್ಚು ಕಟ್ತೀನಿ ಅಂದೆ, ನಾನು ನಂಬಿದೆ. ಇಷ್ಟು ದಿನ ನಾನು ಉಂಡಿದ್ದು ನಿಮ್ಮಮ್ಮನ ಅಸುವಿನ ದುಡ್ಡಾ?"

ಇಷ್ಟೇ ಅಂದದ್ದು. ಕಿರುಚಿದ್ದರೆ ನಾನೂ ಕಿರುಚುತ್ತಿದ್ದೆ. ಫೋನು ಮನೆಯಲ್ಲೇ ಬಿಟ್ಟು ಹೋದರು. ಇವತ್ತಿಗೆ ನಾಲ್ಕು ದಿನ. ಬಂಗಾರಪೇಟೆ ಮಾರ್ಕೆಟ್ಟು, ಸ್ಟೇಷನ್ನು, ಎಲ್ಲ ಕಡೆ ಹುಡುಕಿದೆ. ಹಳಿಯ ಕಡೆ ನೋಡಲು ಹೆದರಿಕೆಯಾಗಿ ಕಣ್ಣು ಮುಚ್ಚಿಕೊಂಡು ಸೇತುವೆ ದಾಟಿದೆ.

ಇನ್ನು ಮುಚ್ಚಿಡುವುದೇನಿದೆ? ಮೇ ತಿಂಗಳಲ್ಲೇ ಅವರ ಫ್ಯಾಕ್ಟರಿ ಮುಚ್ಚಿತು. ಅವರು ಒಂದು ತೊಟ್ಟು ಕುಡಿದವರಲ್ಲ. ಅವತ್ತು ಬೆಂಚಿನ ಮೇಲೆ ಕೂತಿದ್ದದ್ದು ಕ್ರೇಟು ಎತ್ತಿ ಸುಸ್ತಾಗಿ. ಟಿವಿ ಮಾರಿದ್ದು ಮನೆ ಬಾಡಿಗೆ ಕಟ್ಟಲು. ನಿನ್ನ ದುಡ್ಡು ನಮ್ಮ ಹೊಟ್ಟೆ ಕಾಯಿತು, ಇಲ್ಲ ಎನ್ನಲಾರೆ. ಅದೇ ದುಡ್ಡಿನ ಮಾತು ನನ್ನ ಗಂಡನನ್ನು ಮನೆಯಿಂದ ಎಬ್ಬಿಸಿತು.

ಎರಡು ರೂಪಾಯಿ ಉಳಿಸಿದೆಯಲ್ಲ ಅಮ್ಮಾ. ಇಟ್ಟುಕೋ.

ಶ್ಯಾಮಲ


ಕ್ಯಾಸಂಬಳ್ಳಿ
1 ಆಗಸ್ಟ್ 2025

ಶ್ಯಾಮಲಾ,

ಐದು ರೂಪಾಯಿ ಲಕೋಟೆ ತಂದಿದೀನಿ. ಅನ್ನ ಮೆತ್ತಿ ಎರಡು ಸಲ ಅಂಟಿಸಿದೀನಿ. ಒಳಗೆ ಇನ್ನೊಂದು ಕಾಗದ ಇದೆ, ಅದು ಅಳಿಯಂದಿರಿಗೆ. ಅವರು ಬಂದೇ ಬರ್ತಾರೆ, ಬಂದ ತಕ್ಷಣ ಕೊಡು. ನೀನೂ ಓದು. ಅದರಲ್ಲಿ ನಿಮ್ಮಪ್ಪನ ವಿಷಯ ಇದೆ. ನಿನಗೆ ಗೊತ್ತಿಲ್ಲದ್ದು. ಓದಿದ ಮೇಲೆ ನನ್ನನ್ನ ಅಮ್ಮ ಅಂತ ಕರೀತೀಯೋ ಇಲ್ಲವೋ ನಿನಗೆ ಬಿಟ್ಟಿದ್ದು.

ಅಮ್ಮ


ಅಳಿಯಂದಿರಿಗೆ ಮುತ್ಯಾಲಮ್ಮ ಬರೆದದ್ದು.

ಕುಡುಕ ಅಂತ ಬರೆದೆ. ತಪ್ಪಾಯ್ತು. ನೀವು ಎದುರಿಗಿದ್ದರೆ ಕಾಲು ಹಿಡೀತಿದ್ದೆ, ವಯಸ್ಸು ನೋಡ್ತಿರಲಿಲ್ಲ.

ನಿಮ್ಮ ಮಾವನವರನ್ನ ನೀವು ನೋಡಿಲ್ಲ. ಶ್ರೀರಾಮಪ್ಪ ಅಂದರೆ ಗಣೀಲಿ ಎಲ್ಲರಿಗೂ ಗೊತ್ತು. ಗಣಿ ಮುಚ್ಚಿದ ಮೇಲೆ ಎರಡು ವರ್ಷ ನನ್ನ ಹಿಡಿ ಹಿಟ್ಟಲ್ಲಿ, ನನ್ನ ಹಾಲಿನ ದುಡ್ಡಲ್ಲಿ ಮನೆ ನಡೀತು. ನನಗೆ ಅದರ ಜಂಬ ಬಂತು. ನಮ್ಮಣ್ಣನ ಮನೇಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, "ನಾನು ಹಿಡಿ ಇಟ್ಟಿದ್ದಕ್ಕೆ ಇವರ ತಟ್ಟೆಗೆ ಮುದ್ದೆ ಬೀಳ್ತೈತೆ, ಇಲ್ದಿದ್ರೆ ಮಣ್ಣು ತಿನ್ನಬೇಕಿತ್ತು" ಅಂತ ನಗ್ತಾ ಅಂದೆ. ಅವರು ತಟ್ಟೇಲೇ ಕೈ ತೊಳೆದು ಎದ್ದರು. ಅವತ್ತಿಂದ ನಮ್ಮನೇಲಿ ಅರ್ಧ ಮುದ್ದೆಗಿಂತ ಹೆಚ್ಚು ಉಣ್ಣಲಿಲ್ಲ.

ಆಮೇಲೆ ಕೆಮ್ಮು ಜಾಸ್ತಿ ಆಯ್ತು. ಡಾಕ್ಟರು ಸೇರಿಸಿ ಅಂದರು. ನನ್ನ ಹತ್ತಿರ ದುಡ್ಡು ಇತ್ತು. ಇತ್ತು, ಅಳಿಯಂದಿರೇ. ಪೋಸ್ಟಾಫೀಸಲ್ಲಿ ಇತ್ತು. ತೆಗೀತೀನಿ ಅಂದರೆ, "ಅದು ನಿನ್ನ ದುಡ್ಡು. ಮುದ್ದೆ ತಿಂದಿದ್ದೇ ಸಾಕು" ಅಂದರು. ನನಗೂ ರೋಷ. ಬೇಡ ಅಂದರೆ ಬಿಡಲಿ, ತಾವಾಗೇ ದಾರಿಗೆ ಬರ್ತಾರೆ ಅಂತ ಸುಮ್ಮನಿದ್ದೆ. ಎಳಕೊಂಡು ಹೋಗಿ ಆಸ್ಪತ್ರೆಗೆ ಹಾಕಬೇಕಿತ್ತು. ಹಾಕಲಿಲ್ಲ. ನಲವತ್ತು ದಿನ ಅವರೂ ಸೋಲಲಿಲ್ಲ, ನಾನೂ ಸೋಲಲಿಲ್ಲ. ಅವರು ಸತ್ತ ದಿನ ಆ ದುಡ್ಡು ಹಾಗೇ ಇತ್ತು.

ಊರಿಗೆಲ್ಲ, ಮಗಳಿಗೂ, ದುಡ್ಡಿರಲಿಲ್ಲ ಅಂತ ಹೇಳಿದೆ. ಆ ದುಡ್ಡಲ್ಲೇ ಶ್ಯಾಮಲನ ಮದುವೆಗೆ ಕರು ತಂದು ಕಟ್ಟಿದೆ. ಅದರ ಹಾಲಿನದೇ ಆ ಪುಸ್ತಕ. ನೀವು ಉಂಡಿದ್ದು ನನ್ನ ದುಡ್ಡಲ್ಲ. ನಿಮ್ಮ ಮಾವ ಬೇಡ ಅಂತ ಬಿಟ್ಟು ಹೋದ ದುಡ್ಡು. ನೀವೂ ಬೇಡ ಅನ್ನಬೇಡಿ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ.

ಮುತ್ಯಾಲಮ್ಮ


ಕೋರಮಂಡಲ್
14 ಆಗಸ್ಟ್ 2025

ಅಮ್ಮಾ,

ಇವರು ಬಂದರು. ಆರನೇ ದಿನ ಲಾರಿಯವರೇ ಕರೆದುಕೊಂಡು ಬಂದು ಬಿಟ್ಟರು. ಕ್ರೇಟಿನ ಸಮೇತ ಬಿದ್ದಿದ್ದಾರೆ, ಬೆನ್ನು ಹಿಡಿದುಕೊಂಡಿದೆ, ಬಗ್ಗಲಾಗುವುದಿಲ್ಲ. ನಿನ್ನ ಕಾಗದ ಕೊಟ್ಟೆ. ಓದಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಪುಸ್ತಕದಿಂದ ಒಂದು ರೂಪಾಯಿ ತೆಗೆದರೂ ಉಣ್ಣುವುದಿಲ್ಲ ಎಂಬಂತೆ ಕೂತಿದ್ದಾರೆ. ನಿನ್ನೆ ಅರ್ಧ ಮುದ್ದೆ ಬಿಟ್ಟು ಎದ್ದರು. ಆ ತಟ್ಟೆಯನ್ನು ಮುಚ್ಚಿಟ್ಟು ಬಾಗಿಲಿಗೆ ಅಡ್ಡ ಕೂತೆ.

ಪುಸ್ತಕದಲ್ಲಿ ಈಗ ಉಳಿದಿರುವುದು ಊಟಕ್ಕಾದರೆ ಫೀಸಿಗಿಲ್ಲ, ಫೀಸಿಗಾದರೆ ಊಟಕ್ಕಿಲ್ಲ. ನವ್ಯ ಓದು ಬಿಟ್ಟು ಗಾರ್ಮೆಂಟ್ಸಿಗೆ ಹೋಗುತ್ತೇನೆ ಎನ್ನುತ್ತಿದ್ದಾಳೆ.

ಅಪ್ಪನ ವಿಷಯ ಓದಿದೆ. ಸಾಯುವ ಹಿಂದಿನ ದಿನ ಅಪ್ಪ ನನ್ನ ಕೈಯಲ್ಲಿ ನೀರು ಕುಡಿದಿದ್ದರು. ದುಡ್ಡಿಲ್ಲ, ಏನು ಮಾಡುವುದು ಎಂದು ನಾನೇ ಅವರಿಗೆ ಸಮಾಧಾನ ಹೇಳಿದ್ದೆ. ಅವರು ನಕ್ಕಿದ್ದರು. ಯಾಕೆ ನಕ್ಕರೆಂದು ಈಗ ಗೊತ್ತಾಯಿತು.

ಸ್ವಲ್ಪ ದಿನ ನಿನಗೆ ಕಾಗದ ಬರೆಯುವುದಿಲ್ಲ.

ಶ್ಯಾಮಲ


ಕ್ಯಾಸಂಬಳ್ಳಿ
6 ಅಕ್ಟೋಬರ್ 2025

ಶ್ಯಾಮಲಾ,

ಎರಡು ಲಕೋಟೆ ಹಾಕಿದೆ, ಉತ್ತರ ಇಲ್ಲ. ಇದು ಮೂರನೇದು. ಬೈಯೋದಕ್ಕಾದರೂ ಬರಿ.

ಹಸು ಮಾರಿದೆ. ಕಾಮಸಮುದ್ರದವರು ಹೊಡಕೊಂಡು ಹೋದರು. ಕರು ಹಾಕಿ ಒಂದು ತಿಂಗಳಾಗಿತ್ತು, ಕರು ಸಮೇತ ಕೊಟ್ಟೆ, ಒಳ್ಳೆ ಬೆಲೆ ಬಂತು. ಆಂಜಿನಪ್ಪನ ಕೈಲಿ ನೇರ ನವ್ಯಳ ಖಾತೆಗೆ ಹಾಕಿಸಿದೀನಿ. ಇದು ನಿನಗಲ್ಲ, ಅಳಿಯಂದಿರಿಗೂ ಅಲ್ಲ, ಮೊಮ್ಮಗಳಿಗೆ. ಅವಳು ಗಾರ್ಮೆಂಟ್ಸು ಅಂದರೆ ನಾನು ಬಂದು ಬಾರಿಸ್ತೀನಿ ಅಂತ ಹೇಳು.

ಅಳಿಯಂದಿರ ಮರ್ಯಾದೆಗೆ ಏನೂ ಆಗಲ್ಲ. ಮಂಡಿ ನೋವಿಗೆ ಹಸು ಸಾಕೋಕೆ ಆಗಲ್ಲ, ಅದಕ್ಕೆ ಮಾರಿದೆ ಅಂತ ಡೈರೀಲಿ ಹೇಳಿದೀನಿ. ಆಂಜಿನಪ್ಪನ ಬಾಯಿಗೂ ಬೀಗ ಹಾಕಿದೀನಿ.

ಬೆಳಗ್ಗೆ ಎದ್ದರೆ ಕೈ ಹಾಲಿನ ಚೊಂಬಿಗೆ ಹೋಗುತ್ತೆ. ಕೊಟ್ಟಿಗೇಲಿ ಏನಿದೆ? ಗೂಟ ಒಂದಿದೆ. ಹುಣಸೆ ಗೂಟ, ಕಿತ್ತು ಒಲೆಗೆ ಹಾಕಿದರೆ ಎರಡು ದಿನ ಉರಿಯುತ್ತೆ. ಸುಮ್ಮನೆ ಯಾಕೆ ಹಾಳು ಮಾಡೋದು. ಮಂಡಿ ನೋವು ಇಳಿದ ಮೇಲೆ ಕೀಳ್ತೀನಿ.

ಅಮ್ಮ


ಕೋರಮಂಡಲ್
14 ಅಕ್ಟೋಬರ್ 2025

ಅತ್ತೆಯವರಿಗೆ ಮುನೇಶ್ ಮಾಡುವ ನಮಸ್ಕಾರ.

ಶ್ಯಾಮಲ ನಿಮಗೆ ಬರೆಯಲು ನಾಲ್ಕು ಸಲ ಕೂತಳು. "ಅಮ್ಮಾ" ಎಂದು ಬರೆದ ಮೇಲೆ ಮುಂದಕ್ಕೆ ಹೋಗುತ್ತಿಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ.

ನಿನ್ನೆ ನವ್ಯಳ ಫೀಸು ಕಟ್ಟಿದೆವು. ನನ್ನ ಬೆನ್ನು ಸರಿಹೋಗಿಲ್ಲ, ಇನ್ನು ಕ್ರೇಟು ಎತ್ತುವ ಹಾಗಿಲ್ಲ. ಬಂಗಾರಪೇಟೆಯಲ್ಲಿ ಒಂದು ಕಲ್ಯಾಣ ಮಂಟಪಕ್ಕೆ ವಾಚ್‌ಮನ್ ಆಗಿ ಸೇರಿದ್ದೇನೆ. ಹಳೆಯ ಸಂಬಳದ ಅರ್ಧವೂ ಇಲ್ಲ. ಉಳಿದದ್ದು ನಿಮ್ಮ ಪುಸ್ತಕದಿಂದ ತೆಗೆಯುತ್ತಿದ್ದೇವೆ. ತೆಗೆಯುವ ದಿನ ಮುದ್ದೆ ಗಂಟಲಲ್ಲಿ ನಿಲ್ಲುತ್ತದೆ. ಆದರೂ ಪೂರ್ತಿ ಉಣ್ಣುತ್ತಿದ್ದೇನೆ.

ಬೇಕೆಂದೇ ಕಾರ್ಡಿನಲ್ಲಿ ಬರೆದಿದ್ದೇನೆ. ಪಾಪಕ್ಕನ ಅಂಗಡಿಯಲ್ಲಿ ಕೂತು ಬರೆದು ಎಲ್ಲರಿಗೂ ಓದಿ ಹೇಳಿದೆ. ಅಲ್ಲಿ ಡೈರಿಯಲ್ಲಿ ಆಂಜಿನಪ್ಪಣ್ಣ ಓದಲಿ, ಹಾಲು ಹಾಕಲು ನಿಂತವರು ಕೇಳಲಿ. ಅತ್ತೆ ಹಸು ಮಾರಿದ್ದು ಮಂಡಿ ನೋವಿಗಲ್ಲ. ನನಗೆ ಕೆಲಸ ಹೋಗಿತ್ತು. ಐದು ತಿಂಗಳು ನಮ್ಮ ಮನೆಯ ಅನ್ನ ಅತ್ತೆಯದು, ಮಗಳ ಓದು ಅತ್ತೆಯ ಹಸುವಿನದು.

ದೀಪಾವಳಿಗೆ ನಾವು ಬರುತ್ತೇವೆ. ಗೂಟ ಕೀಳಬೇಡಿ.

ಮುನೇಶ್